ಕರಿಮಡ್ಡಿ ಕೇಂದ್ರದ ಉತ್ತರಪತ್ರಿಕೆ

ಶ್ರೀಪಾಲ ಸರ್ ಊಟಕ್ಕೆ ಬರಲಿಲ್ಲ. ಸೂರ್ಯ ಮುಳುಗಲು ಇನ್ನು ಕಾಲು ಗಂಟೆ ಇತ್ತು.

ಬೇರೆ ಮನೆಯಾಗಿದ್ದರೆ ಇದು ಸುದ್ದಿಯೇ ಅಲ್ಲ. ಗಂಡಸರು ಊಟಕ್ಕೆ ತಡವಾಗಿ ಬರುವುದು ಹೊಸದೇನೂ ಅಲ್ಲ. ಆದರೆ ಇದು ಜೈನರ ಮನೆ. ಕತ್ತಲಾದ ಮೇಲೆ ಒಂದು ತುತ್ತು ಬಾಯಿಗಿಡದ ಮನುಷ್ಯ ಶ್ರೀಪಾಲ ಮಗದುಮ್. ಮೂವತ್ತೊಂದು ವರ್ಷದ ಸಂಸಾರದಲ್ಲಿ ಅವರು ಹೊತ್ತು ಮೀರಿ ಬಂದದ್ದು ಹೆಂಡತಿ ಸೋನಾಬಾಯಿಗೆ ನೆನಪಿಲ್ಲ. ಐದೂವರೆಗೆ ಬರುತ್ತೇನೆಂದು ಅಂದು ಫೋನಿನಲ್ಲೂ ಹೇಳಿದ್ದರು. ಆರೂಕಾಲಾಗಿತ್ತು. ಸೋನಾಬಾಯಿ ತಾಟಿನ ಮೇಲೆ ಇನ್ನೊಂದು ತಾಟು ಮುಚ್ಚಿ, ಚಪ್ಪಲಿ ಮೆಟ್ಟಿಕೊಂಡು ಶಾಲೆಯ ಕಡೆ ನಡೆದರು.

ಕರಿಮಡ್ಡಿ ಹೈಸ್ಕೂಲು ಶಿರಗುಪ್ಪಿ ರಸ್ತೆಯಲ್ಲಿದೆ. ಮುಂದೆ ಆಟದ ಬಯಲು, ಹಿಂದೆ ಕಬ್ಬಿನ ಹೊಲ. ಭಾನುವಾರವಾದ್ದರಿಂದ ಯಾರೂ ಇರಲಿಲ್ಲ. ಆಫೀಸಿಗೆ ಬೀಗ ಹಾಕಿತ್ತು. ಸೋನಾಬಾಯಿ ಕಟ್ಟಡ ಸುತ್ತಿ ಹಿಂದಿನ ಜಗುಲಿಗೆ ಬಂದರು. ಜಗುಲಿಯಿಂದ ಇಳಿಯಲು ಐದು ಕಲ್ಲಿನ ಮೆಟ್ಟಿಲು. ಕೊನೆಯ ಮೆಟ್ಟಿಲಿಗೆ ತಲೆಯಿಟ್ಟು ಶ್ರೀಪಾಲ ಸರ್ ಅಂಗಾತ ಬಿದ್ದಿದ್ದರು. ಕಲ್ಲಿನ ಮೇಲಿನ ರಕ್ತ ಒಣಗತೊಡಗಿತ್ತು.

ಸೋನಾಬಾಯಿ ಮೊದಲು ಕೂಗಲಿಲ್ಲ. ಮೂಗಿನ ಹತ್ತಿರ ಬೆರಳಿಟ್ಟು ನೋಡಿದರು. ಉಸಿರಿರಲಿಲ್ಲ. ಆಮೇಲೆ ಕೂಗಿದರು. ರಸ್ತೆಯಾಚೆಯ ಚಹಾ ಅಂಗಡಿಯವರೆಗೆ ಆ ಕೂಗು ಕೇಳಿಸಿತು.

* * *

ಇನ್ಸ್‌ಪೆಕ್ಟರ್ ಲಕ್ಷ್ಮಿಬಾಯಿ ಕಾಂಬಳೆ ಬಂದಾಗ ಏಳು ಗಂಟೆ. ಜೊತೆಗೆ ಹೆಡ್ ಕಾನ್ಸ್‌ಟೇಬಲ್ ನಾಮದೇವ. ಲಕ್ಷ್ಮಿಬಾಯಿ ಕಡಿಮೆ ಮಾತಿನವಳು. ನಾಮದೇವ ಆಕೆಯ ಪಾಲನ್ನೂ ತಾನೇ ಆಡಿ ಮುಗಿಸುವವನು.

ಸರ್ ಜೇಬಿನಲ್ಲಿ ಸಿಕ್ಕದ್ದು ಇಷ್ಟು. ಫೋನು, ಪೆನ್ನು, ಆಫೀಸಿನ ಬೀಗದ ಕೈ, ಒಂದು ಹೊಸ ಮೇಣದಬತ್ತಿ. ಬತ್ತಿಗೆ ಬೆಂಕಿ ತಾಗಿರಲಿಲ್ಲ. "ಕರೆಂಟ್ ಹ್ವಾದ್ರ ಬೇಕಂತ ಇಟಕೊಂಡಿರಬೇಕ್ರಿ," ಎಂದ ನಾಮದೇವ. ಪಂಚನಾಮೆಯಲ್ಲಿ ಬರೆದುಕೊಂಡರು.

ಶಾಲೆಯ ಮುಂಬಾಗಿಲಿಗೆ ಒಂದು ಬಡಿಗೆ ಒರಗಿಸಿತ್ತು. ಕುರಿ ಕಾಯುವವರ ಉದ್ದನೆಯ ಬಡಿಗೆ.

ಆಫೀಸಿನ ಬೀಗದ ಕೈ ಎರಡು. ಸರ್ ಜೇಬಿನದು ಸಾಕ್ಷ್ಯದ ಚೀಲ ಸೇರಿತ್ತು. ಇನ್ನೊಂದು ಪ್ರಭಾರಿ ಹೆಡ್‌ಮಾಸ್ತರ್ ಬಸವಂತ ಅವರ ಹತ್ತಿರ ಇರುತ್ತದೆ. ಅಥಣಿಗೆ ಹೋಗಿದ್ದವರು ಸುದ್ದಿ ಕೇಳಿ ಓಡಿ ಬಂದರು. ಅಳುತ್ತಲೇ ಬೀಗ ತೆಗೆದರು. ಒಳಗೆ ಎಲ್ಲ ಸರಿಯಾಗಿತ್ತು. ಮೇಜಿನ ಮೇಲೆ ಬಿಳಿ ಬಟ್ಟೆಯಲ್ಲಿ ಕಟ್ಟಿದ ಗಂಟು, ಗಂಟಿನ ಮೇಲೆ ನಾಲ್ಕು ಕಡೆ ಕೆಂಪು ಸೀಲು.

"ಇದೇನು?" ಎಂದು ಲಕ್ಷ್ಮಿಬಾಯಿ ಕೇಳಿದಳು.

"ಉತ್ತರಪತ್ರಿಕೆ ಮೇಡಂ. ಚಿಕ್ಕೋಡಿ ಟ್ರಸ್ಟಿನವ್ರು ಹತ್ತನೇತ್ತೆ ಹುಡುಗರಿಗೆ ಇಂಗ್ಲಿಷ್ ಪ್ರತಿಭಾ ಪರೀಕ್ಷಾ ಮಾಡ್ತಾರ. ಇವತ್ತ ಕಡೀ ಸುತ್ತು. ನಮ್ಮ ಶಾಳ್ಯಾಗ ಸೆಂಟರ್ ಇತ್ತು. ಮೊದಲ ಬಂದವರಿಗೆ ಚಿಕ್ಕೋಡ್ಯಾಗ ಎರಡು ವರ್ಷ ಪಿಯುಸಿ, ಹಾಸ್ಟೆಲ್, ಎಲ್ಲಾ ಪುಕ್ಕಟ. ಒಂದ ಸೀಟು."

"ಏನು ಬರೀಬೇಕು?"

"ಬರಿಯೂದೇನಿಲ್ರಿ. ಈ ಸುತ್ತು ಕಂಜಂಕ್ಷನ್ನಿಂದು. ಐವತ್ತು ವಾಕ್ಯ ಅಚ್ಚ ಹಾಕಿರತಾವ. ಆ್ಯಂಡ್, ಬಟ್, ಆರ್ ಒಂಟ್ಯಾಗಿ ಬಂದ್ರ ಕೆಳಗ ಗೆರಿ. ಐದರ್–ಆರ್, ನೈದರ್–ನಾರ್ ಜೋಡ್ಯಾಗಿ ಬಂದ್ರ ಎರಡಕ್ಕೂ ಚೌಕ. ಅಷ್ಟ."

"ನೀವು ಯಾವಾಗ ಹೋದ್ರಿ?"

"ನಾಕೂಕಾಲಿಗೆ. ಅಥಣ್ಯಾಗ ನಮ್ಮ ಷಡ್ಡಕನ ಮನಿ ವಾಸ್ತು ಇತ್ತು. ಗಂಟು ಕಟ್ಟಿ ಸೀಲ್ ಹಾಕೂದು ಶ್ರೀಪಾಲ ಸರ್ ಕೆಲಸ. ಪಾಪ, ಅದನ್ನೂ ಮುಗಿಸ್ಯಾರ."

ಚಹಾ ಅಂಗಡಿಯ ತುಳಸವ್ವನನ್ನು ಕರೆಸಿದರು.

"ಕುರಿ ಮಾಳಸಿದ್ದ ಬಂದಿದ್ದ ಬಾಯಾರ. ಐದಕ್ಕ. ಬಡಿಗಿ ಬಾಗಲಕ್ಕ ನಿಲ್ಲಿಸಿ ಒಳಗ ಹ್ವಾದ. ಮುಂದ ಒದರಾಟ ಕೇಳಿಸ್ತು. ನನ್ನ ಹುಡುಗೀನ ನನ್ನಿಂದ ಅಗಲಸ್ತೀರೇನ ಅನ್ನಾಕತ್ತಿದ್ದ."

"ಹೊಳ್ಳಿ ಹೋಗಿದ್ದು ನೋಡಿದಿ?"

"ಆವಾಗ ಕುಡಚಿ ಬಸ್ ಬಂತ್ರಿ. ಗಿರಾಕಿ ಗದ್ದಲದಾಗ ನೋಡಲಿಲ್ಲ."

ಅಷ್ಟು ಸಾಕಾಯಿತು. ಒಂದು ಗಂಟೆಯೊಳಗೆ ಮಾಳಸಿದ್ದನನ್ನು ಅವನ ಹಟ್ಟಿಯಿಂದ ಎತ್ತಿ ತಂದರು. ಬಡವನೊಬ್ಬ ಸಿಟ್ಟಿನಲ್ಲಿ ಕೂಗಾಡಿದ್ದನ್ನು ಜನ ಕೇಳಿದ್ದರೆ ಕೇಸು ಎಷ್ಟು ಬೇಗ ಮುಗಿಯುತ್ತದೆ ನೋಡಿ.

"ಹೋಗಿದ್ದೆ. ಒದರಿದ್ದೂ ಖರೆ," ಎಂದ ಮಾಳಸಿದ್ದ. "ಹೊಡದಿಲ್ಲ. ದೂಡಿಲ್ಲ."

"ಯಾಕ ಹೋಗಿದ್ದಿ?"

"ಹುಡುಗೀನ ಶಾಳಿ ಬಿಡಸಾಕ ಎಲ್‌ಸಿ ಬೇಡಾಕ. ಅಕಿ ಅವ್ವ ಇಲ್ಲ. ನಮ್ಮವ್ವಗ ಕಣ್ಣ ಮಂಜು. ಮುನ್ನೂರು ಕುರಿ ಅದಾವ. ಸಂಜೀಕ ಮರಿ ಕೂಡಸವ್ರ ಯಾರು? ಸರ್ ಅಕೀನ ಚಿಕ್ಕೋಡಿಗಿ ಕಳಸ್ತೇನಂದ್ರು. ಸಿಟ್ಟ ಬಂತು."

"ಬಡಿಗಿ?"

"ಸಿಟ್ಟಿನ್ಯಾಗ ಮರತ ಹ್ವಾದೆ."

ನಾಮದೇವ ಹೊರಗೆ ಬಂದು ಗೊಣಗಿದ. "ಕುರಿ ಕಾಯಾಂವ ಬಡಿಗಿ ಮರೀತಾನೇನ್ರಿ ಮೇಡಂ? ಗಾಬರ್ಯಾಗಿ ಓಡ್ಯಾನ."

ಲಕ್ಷ್ಮಿಬಾಯಿಗೂ ಬೇರೆ ದಾರಿ ಕಾಣಲಿಲ್ಲ. ಮರುದಿನ ಕೋರ್ಟು ಶುಕ್ರವಾರದವರೆಗೆ ಮಾಳಸಿದ್ದನನ್ನು ಪೊಲೀಸ್ ವಶಕ್ಕೆ ಕೊಟ್ಟಿತು. ಶುಕ್ರವಾರ ಮಧ್ಯಾಹ್ನ ಹಾಜರುಪಡಿಸಿದರೆ ಅಲ್ಲಿಂದ ಸೀದಾ ಜೈಲು.

* * *

ಮಂಗಳವಾರ ಒಬ್ಬ ಹುಡುಗಿ ಠಾಣೆಗೆ ಬಂದಳು. ಶಾಲೆಯ ಸಮವಸ್ತ್ರ, ಕೈಯಲ್ಲಿ ರೊಟ್ಟಿಯ ಗಂಟು. ಮಾಳಸಿದ್ದನ ಮಗಳು ರಾಜೇಶ್ವರಿ.

"ಅಪ್ಪ ಹೊಡದಿಲ್ರಿ ಮೇಡಂ," ಎಂದಳು. ಅತ್ತು ಅತ್ತು ದನಿ ಬಿದ್ದುಹೋಗಿತ್ತು. "ಸರ್ ಸತ್ರು. ಅಪ್ಪನೂ ಜೈಲಿಗೆ ಹ್ವಾದ್ರ ನಾವು ಇರೂದ ಹೆಂಗ್ರಿ?"

ಲಕ್ಷ್ಮಿಬಾಯಿ ಕುರ್ಚಿ ತೋರಿಸಿದಳು. "ನೀನೂ ಪರೀಕ್ಷಾ ಬರದಿದ್ದಿ?"

"ಹೌದ್ರಿ."

"ಕನ್ನಡ ಶಾಳಿ ಹುಡುಗಿ. ಇಂಗ್ಲಿಷ್ ಯಾರು ಕಲಿಸಿದ್ರು?"

"ಸರ್. ನಾ ಶಾಳಿ ತಪ್ಪಿಸಿದ್ರ ಹಟ್ಟಿಗೇ ಬರ್ತಿದ್ರು. ಸಂಜೀಕ ಕುರಿ ಬಂದ ಮ್ಯಾಲ ಯಾವ ಮರಿ ಯಾವ ತಾಯಿದು ಅಂತ ನೋಡಿ ಕೂಡಸೂದು ನನ್ನ ಕೆಲಸ. ಅದನ್ನ ನೋಡಿ ಸರ್ ಹೇಳಿದ್ರು. 'ಕೋರಿಲೇಟಿವ್ ಅಂದ್ರ ಹಿಂಗ. ಐದರ್ ಕಂಡ್ರ ಅದರ ಆರ್ ಎಲ್ಲೈತಿ ಹುಡಕು. ನಾಟ್ ಓನ್ಲಿ ಕಂಡ್ರ ಬಟ್ ಆಲ್ಸೊ ಬರೂತನ ಬಿಡಬ್ಯಾಡ. ಆರ್ ಒಂದ ನಿಂತಿದ್ರ ಅದು ಒಂಟಿ, ಅದಕ್ಕ ಜೋಡಿ ಹಚ್ಚಬ್ಯಾಡ' ಅಂದ್ರು. ಅವತ್ತಿಂದ ತಪ್ಪಿಲ್ರಿ."

"ಭಾನುವಾರ ಹೆಂಗ ಮಾಡಿದಿ?"

"ಎಲ್ಲಾ ಬರೋಬ್ಬರಿ ಮಾಡೇನ್ರಿ." ಆಮೇಲೆ ಮೆಲ್ಲಗೆ ಸೇರಿಸಿದಳು. "ಆದ್ರ ಈಗ ಅದ್ರಿಂದ ಏನ ಬರ್ತೈತ್ರಿ?"

* * *

ಬುಧವಾರ ಫಲಿತಾಂಶ ಬಂತು. ಫೋನಿನಿಂದ ಫೋನಿಗೆ ಹರಿದಾಡಿತು. ಮೊದಲ ಸ್ಥಾನ ಅಪೂರ್ವ, ಐವತ್ತಕ್ಕೆ ಐವತ್ತು. ಹೆಡ್‌ಮಾಸ್ತರ್ ಬಸವಂತ ಅವರ ಮಗಳು, ನಿಪ್ಪಾಣಿಯ ಇಂಗ್ಲಿಷ್ ಮಾಧ್ಯಮ ಶಾಲೆಯವಳು. ಪರೀಕ್ಷೆ ಬರೆದದ್ದು ಕರಿಮಡ್ಡಿ ಕೇಂದ್ರದಲ್ಲೇ. ರಾಜೇಶ್ವರಿಗೆ ಇಪ್ಪತ್ತೊಂದು.

ಸಂಜೆ ಸೋನಾಬಾಯಿ ಠಾಣೆಗೆ ಫೋನ್ ಮಾಡಿದರು. "ಬಂದು ಹೋಗ್ರಿ" ಎಂದಷ್ಟೇ ಹೇಳಿದರು.

ಮನೆಯಲ್ಲಿ ನೆಂಟರು ತುಂಬಿದ್ದರು. ಸೋನಾಬಾಯಿ ಲಕ್ಷ್ಮಿಬಾಯಿಯನ್ನು ಒಳಕೋಣೆಗೆ ಕರೆದುಕೊಂಡು ಹೋದರು.

"ಭಾನುವಾರ ನಾಕೂ ನಲವತ್ತಕ್ಕ ಅವ್ರು ಫೋನ್ ಮಾಡಿದ್ರು. ಐದೂವರಿಗೆ ಬರ್ತೇನಂದ್ರು ಅಂತ ನಿಮಗ ಹೇಳಿದ್ದೆ. ಇನ್ನೊಂದು ಮಾತು ಹೇಳಿರಲಿಲ್ಲ. ಅದಕ್ಕೂ ಇದಕ್ಕೂ ಏನ ಸಂಬಂಧ ಅನಸ್ತು."

"ಏನು?"

"ಗಂಟು ಕಟ್ಟೂಕಿಂತ ಮೊದಲ ನಮ್ಮ ರಾಜೇಶ್ವರಿ ಪೇಪರ್ ನೋಡಿದೆ, ಐವತ್ತಕ್ಕ ಐವತ್ತು ಅಂದ್ರು. ಆನಂದಕ್ಕ ಧ್ವನಿ ನಡಗಾಕತ್ತಿತ್ತು. ಮೂವತ್ತೈದು ವರ್ಷ ಇಂಗ್ಲಿಷ್ ಕಲಿಸಿದಾರ ಮೇಡಂ. ಇಪ್ಪತ್ತೊಂದಕ್ಕೂ ಐವತ್ತಕ್ಕೂ ಫರಕ್ ಅವರಿಗೆ ತಿಳಿಯೂದಿಲ್ಲೇನು?"

ಭಾನುವಾರ ಸಂಜೆಯಿಂದ ತಾನು ಒಬ್ಬ ಕುರಿಗಾರನ ಬಡಿಗೆಯನ್ನಷ್ಟೇ ನೋಡುತ್ತ ಕುಳಿತಿದ್ದೆ ಎಂದು ಲಕ್ಷ್ಮಿಬಾಯಿಗೆ ನಾಚಿಕೆಯಾಯಿತು.

* * *

ಗುರುವಾರ ಬೆಳಿಗ್ಗೆ ಚಿಕ್ಕೋಡಿ. ಟ್ರಸ್ಟಿನ ಕಾರ್ಯದರ್ಶಿ ದೇಸಾಯಿ ಎರಡು ಉತ್ತರಪತ್ರಿಕೆಗಳನ್ನು ಮುಂದಿಟ್ಟರು. ಹಣೆ ಗಂಟಿಕ್ಕಿಯೇ ಇತ್ತು.

ಪತ್ರಿಕೆಯ ಮೊದಲ ಹಾಳೆಯಲ್ಲಿ ಹೆಸರು, ನಂಬರು. ಹಿಂದಿನ ನಾಲ್ಕು ಹಾಳೆಗಳಲ್ಲಿ ಐವತ್ತು ವಾಕ್ಯ. ಎಲ್ಲಕ್ಕೂ ಸೇರಿ ಒಂದು ಪಿನ್ನು. ಮಕ್ಕಳು ಬರೆದ ಅಕ್ಷರ ಮೊದಲ ಹಾಳೆಯಲ್ಲಿ ಮಾತ್ರ. ಹಿಂದೆ ಬರೀ ಗೆರೆ, ಬರೀ ಚೌಕ. ಕೈಬರಹ ನೋಡಿ ಗುರುತು ಹಿಡಿಯುವ ಹಾಗಿರಲಿಲ್ಲ.

"ಬಾಕಿ ಪೇಪರೂ ತೋರಸ್ರಿ," ಎಂದಳು ಲಕ್ಷ್ಮಿಬಾಯಿ.

ಒಂದೊಂದಾಗಿ ಮೂಲೆ ನೋಡುತ್ತ ಹೋದಳು. ಎಲ್ಲದರಲ್ಲೂ ಪಿನ್ನಿನ ತೂತು ಎರಡು. ಅಪೂರ್ವಳದರಲ್ಲಿ ನಾಲ್ಕು. ರಾಜೇಶ್ವರಿಯದರಲ್ಲಿಯೂ ನಾಲ್ಕು.

"ಈ ಎರಡನ್ನ ಯಾರೋ ಬಿಚ್ಚಿ ಮತ್ತ ಪಿನ್ ಹೊಡದಾರ."

"ಪಿನ್ ಸರಿ ಕುಂದ್ರದಿದ್ರ ಮತ್ತೊಮ್ಮೆ ಹೊಡೀತಾರ ಮೇಡಂ," ಎಂದರು ದೇಸಾಯಿ. "ಗಂಟಿಗೆ ಸೀಲ್ ಇತ್ತು. ನಮ್ಮ ಮುಂದ ಒಡದೇವಿ. ಅಷ್ಟರ ಮ್ಯಾಲ ನಾವು ಫಲಿತಾಂಶ ಬದಲಿ ಮಾಡಾಕ ಆಗೂದಿಲ್ಲ."

ಬಿಚ್ಚಿದ ಬಟ್ಟೆ ಮೂಲೆಯಲ್ಲಿ ಬಿದ್ದಿತ್ತು. ಲಕ್ಷ್ಮಿಬಾಯಿ ಅದರ ಕೆಂಪು ಸೀಲುಗಳ ಫೋಟೋ ತೆಗೆದುಕೊಂಡಳು. ಬಟ್ಟೆಯನ್ನೂ ಎರಡು ಪತ್ರಿಕೆಗಳನ್ನೂ ವಶಕ್ಕೆ ಪಡೆದಳು. ಐವತ್ತು ಅಂಕದ ಪತ್ರಿಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಮತ್ತೆ ನೋಡಿದಳು. ಜೋಡಿ ಪದಗಳಿರುವ ಪ್ರತಿ ವಾಕ್ಯದ ಅಂಚಿನಲ್ಲಿ ಒಂದು ಪುಟ್ಟ ಗುರುತು. ಎರಡು ಓರೆ ಗೀರು, ಕೆಳಗೊಂದು ಚುಕ್ಕೆ. ಒಂಟಿ ಪದದ ವಾಕ್ಯಕ್ಕೆ ಇಲ್ಲ. ಇಪ್ಪತ್ತೊಂದು ಅಂಕದ ಪತ್ರಿಕೆಯಲ್ಲಿ ಅಂಥದ್ದು ಒಂದೂ ಇರಲಿಲ್ಲ.

ಅಲ್ಲಿಂದ ಜೀಪು ನಿಪ್ಪಾಣಿಗೆ ಹೋಯಿತು. ಅಪೂರ್ವಳ ಶಾಲೆಯಲ್ಲಿ ಆ ಹುಡುಗಿಯ ಜೊತೆ ಹತ್ತು ನಿಮಿಷ ಮಾತಾಡಿ ಲಕ್ಷ್ಮಿಬಾಯಿ ಹೊರಗೆ ಬಂದಳು. ನಾಮದೇವ ಏನಾಯಿತೆಂದು ಕೇಳಿದ. ಆಕೆ ಜೀಪು ಹತ್ತಿದಳು.

ಮಧ್ಯಾಹ್ನ ಸೋನಾಬಾಯಿಯವರ ಮನೆಯಲ್ಲಿ ಫೋಟೋ ತೋರಿಸಿದಳು. ಆಕೆ ನೋಡಿದ ಕೂಡಲೇ ತಲೆಯಾಡಿಸಿದರು.

"ಇದು ಅವ್ರು ಹಾಕಿದ ಸೀಲ್ ಅಲ್ಲ."

"ಹೆಂಗ ಹೇಳ್ತೀರಿ?"

"ಇದು ಅರಗು. ಅರಗು ಹುಳದಿಂದ ಆಗ್ತೈತಿ. ಸಾವಿರ ಹುಳ ಸತ್ರ ಇಷ್ಟು ಅರಗು. ಅದನ್ನ ಮುಟ್ಟಬಾರದಂತ ನಮ್ಮಲ್ಲಿ ನೇಮ ಐತಿ. ಎಲ್ಲಾರೂ ನಡಸೂದಿಲ್ಲ, ಇವ್ರು ನಡಸ್ತಿದ್ರು. ಪ್ರತಿ ವರ್ಷ ಮನಿಯಿಂದ ಮೇಣದಬತ್ತಿ ಒಯ್ದು, ಅದರ ಮೇಣದಿಂದ ಸೀಲ್ ಹಾಕ್ತಿದ್ರು. ಭಾನುವಾರನೂ ನಾನ ಕೊಟ್ಟು ಕಳಿಸಿದ್ದೆ."

ಲಕ್ಷ್ಮಿಬಾಯಿ ನಾಮದೇವನ ಮುಖ ನೋಡಿದಳು. ಕರೆಂಟಿನ ಮಾತಾಡಿದ್ದ ನಾಮದೇವ ನೆಲ ನೋಡಿದ.

* * *

ಲಾಕಪ್ಪಿನಲ್ಲಿ ಮಾಳಸಿದ್ದ ಗೋಡೆಗೆ ಒರಗಿ ಕುಳಿತಿದ್ದ. ನಾಲ್ಕು ದಿನದಲ್ಲಿ ಮನುಷ್ಯ ಅರ್ಧವಾಗಿದ್ದ. ಲಕ್ಷ್ಮಿಬಾಯಿ ಎರಡು ಪತ್ರಿಕೆಗಳ ಹಿಂದಿನ ಹಾಳೆಗಳನ್ನು ಅವನ ಮುಂದೆ ಹರಡಿದಳು. ಹೆಸರಿನ ಹಾಳೆ ತೋರಿಸಲಿಲ್ಲ. ಏನನ್ನೂ ವಿವರಿಸಲಿಲ್ಲ.

"ಇವನ್ನ ನೋಡು."

"ಇಂಗ್ಲಿಷ್ ಐತಲ್ರಿ. ನನಗ ಕನ್ನಡಾನ ಓದಾಕ ಬರೂದಿಲ್ಲ."

"ಓದಬ್ಯಾಡ. ಸುಮ್ಮನ ನೋಡು."

ಅವನು ಒಂದನ್ನು ನೋಡಿ ಪಕ್ಕಕ್ಕೆ ಸರಿಸಿದ. ಇನ್ನೊಂದನ್ನು ಕೈಗೆ ತೆಗೆದುಕೊಂಡ. ದಪ್ಪ ಬೆರಳು ಅಂಚಿನ ಮೇಲೆ ಇಳಿಯುತ್ತ ಬಂದು ನಿಂತಿತು.

"ಇದು ನಮ್ಮ ಕಿವಿಗುರುತ್ರಿ."

"ಅಂದ್ರ?"

"ನಮ್ಮ ಮನಿತನದ ಕುರಿಗಿ ಬಲಗಿವಿ ಮ್ಯಾಲ ಹಾಕತೇವಿ. ಎರಡ ಓರಿ ಗೀರು, ಕೆಳಗೊಂದು ತೂತು. ನಮ್ಮ ಮುತ್ಯಾನ ಕಾಲದಿಂದ ಬಂದದ್ದು. ಬ್ಯಾರೇದವ್ರದ್ದು ಬ್ಯಾರೆ ಇರತಾವ." ಅವನು ಹಾಳೆ ಮಗುಚಿದ. ಪ್ರತಿ ಗುರುತನ್ನೂ ಮುಟ್ಟಿದ. "ಇದು ನನ್ನ ಮಗಳ ಕಾಗದ. ಮರಿ ತಾಯಿಗಿ ಕೂಡಿತಂದ್ರ ಅಕಿ ಗೂಟದ ಮ್ಯಾಲ ಇದ ಗುರುತು ಹಾಕತಾಳ. ಆರು ವರ್ಷದಾಕಿ ಇದ್ದಾಗಿಂದ ರೂಢಿ."

ಲಕ್ಷ್ಮಿಬಾಯಿ ಮೊದಲ ಹಾಳೆ ತಂದು ಅದರ ಮೇಲಿಟ್ಟಳು. ಅದರ ಮೇಲೆ ಅಪೂರ್ವಳ ಹೆಸರಿತ್ತು. ಓದು ಬಾರದ ಮಾಳಸಿದ್ದ ಆಕೆಯ ಮುಖ ನೋಡಿದ.

"ಅಕೀದ ಅಲ್ಲೇನ್ರಿ?"

"ಅಕೀದ," ಎಂದಳು ಲಕ್ಷ್ಮಿಬಾಯಿ.

* * *

ಶ್ರೀಪಾಲ ಸರ್ ಕೇಸಿನ ಬಗ್ಗೆ ಒಂದು ಕಾಗದಕ್ಕೆ ಸಹಿ ಬೇಕೆಂದು ಶುಕ್ರವಾರ ಬೆಳಿಗ್ಗೆ ಬಸವಂತ ಅವರನ್ನು ಶಿರಗುಪ್ಪಿಯ ಹೊಲವೊಂದಕ್ಕೆ ಕರೆಸಿದರು. ಕಬ್ಬು ಕಡಿದ ಹೊಲ. ಗೊಬ್ಬರಕ್ಕೆಂದು ಅಲ್ಲಿ ಕುರಿ ನಿಲ್ಲಿಸಿದ್ದರು. ಬಲೆಯ ಹಟ್ಟಿ, ನಡುವೆ ಮೂರು ಗೂಟ. ದೇಸಾಯಿ ಮೊದಲೇ ಬಂದು ನಿಂತಿದ್ದರು. ಮಾಳಸಿದ್ದನ ತಾಯಿ ಲಗಮವ್ವ ಕಂಬಳಿ ಹೊದ್ದು ಕೂತಿದ್ದಳು. ಪಕ್ಕದಲ್ಲಿ ರಾಜೇಶ್ವರಿ.

ಬಸವಂತ ಸುತ್ತ ನೋಡಿದರು. "ಇಲ್ಯಾಕ ಮೇಡಂ?"

ಲಕ್ಷ್ಮಿಬಾಯಿ ಲಗಮವ್ವನ ಹತ್ತಿರ ಕುಳಿತಳು. "ಆಯಿ, ನಿಮ್ಮ ಕುರಿ ಬ್ಯಾರೇದವರ ಕುರ್ಯಾಗ ಹ್ವಾದ್ರ ಹೆಂಗ ಗುರುತ ಹಿಡೀತಿ? ನಿನಗ ಕಣ್ಣ ಕಾಣೂದಿಲ್ಲ."

"ಕಿವಿ ಮುಟ್ಟಿ ನೋಡ್ತೇನ ಯವ್ವಾ." ಮುದುಕಿ ಪಕ್ಕದ ಕುರಿಯನ್ನು ಎಳೆದು ಅದರ ಬಲಗಿವಿ ಮಡಚಿ ತೋರಿಸಿದಳು. ಎರಡು ಓರೆ ಗೀರು, ಕೆಳಗೆ ತೂತು. ನಾಮದೇವ ಇನ್ನೂ ನಾಲ್ಕು ಕುರಿಗಳ ಕಿವಿ ಎತ್ತಿದ. ಅದೇ. ಗೂಟದ ಮೇಲೆ ಇದ್ದಿಲಿನಲ್ಲಿ ಬರೆದ ಹತ್ತಾರು ಗುರುತುಗಳಿದ್ದವು. ಅವೂ ಅದೇ.

ಲಕ್ಷ್ಮಿಬಾಯಿ ಐವತ್ತು ಅಂಕದ ಪತ್ರಿಕೆಯನ್ನು ದೇಸಾಯಿಯವರ ಕೈಗೆ ಕೊಟ್ಟಳು. ಅವರು ಒಮ್ಮೆ ಗೂಟ ನೋಡಿದರು, ಒಮ್ಮೆ ಹಾಳೆಯ ಅಂಚು ನೋಡಿದರು. ಹಣೆಯ ಗಂಟು ಸಡಿಲಾಯಿತು.

"ಈ ಹುಡುಗಿ ಜೋಡಿ ಕೂಡಿಸಿದ ಕೂಡ್ಲೆ ಗುರುತು ಹಾಕತಾಳ್ರಿ," ಎಂದಳು ಲಕ್ಷ್ಮಿಬಾಯಿ. "ಕೈಗೆ ಬಿದ್ದ ರೂಢಿ. ಪರೀಕ್ಷಾದಾಗ ಹಾಕಿದ್ದು ಅಕಿಗೇ ನೆನಪಿಲ್ಲ. ಹೆಸರಿನ ಹಾಳಿ ಬದಲಿ ಮಾಡಿದವರ ಕಣ್ಣಿಗೂ ಬಿದ್ದಿಲ್ಲ. ಬಿದ್ದಿದ್ರೂ ಪೆನ್ನಿನ ಗೀರು ಅಂತ ಬಿಡ್ತಿದ್ರು. ಕುರಿ ಸಾಕಿದವ್ರಲ್ಲ."

"ಒಂದು ಗೀರಿನ ಮ್ಯಾಲಿಂದ ಏನ ಹೇಳಾಕ ಹೊಂಟೀರಿ ನೀವು?" ಬಸವಂತ ಅವರ ದನಿ ಏರಿತು. "ಗಂಟಿಗೆ ಸರ್ ಸೀಲ್ ಹಾಕಿ ಹೋಗ್ಯಾರ."

"ಹಾಕಿಲ್ರಿ. ಸೀಲ್ ಅರಗಿಂದು. ಶ್ರೀಪಾಲ ಸರ್ ಅರಗು ಮುಟ್ಟತಿರಲಿಲ್ಲ. ಅವರ ಮೇಣದಬತ್ತಿ ಜೇಬಿನ್ಯಾಗ ಹಂಗ ಇತ್ತು. ಅಂದ್ರ ಸೀಲ್ ಹಾಕೂ ಹೊತ್ತಿಗೆ ಅವ್ರು ಮೆಟ್ಟಲದ ಕೆಳಗ ಬಿದ್ದಿದ್ರು. ನೀವು ಈ ಶಾಳಿಗೆ ಬಂದು ಒಂದು ವರ್ಷ ಆಗಿಲ್ಲ. ಹಿಂದಿನ ವರ್ಷದ ಗಂಟು ನೀವು ನೋಡಿಲ್ಲ. ಗಂಟು ಅಂದ್ರ ಅರಗು ಅಂತ ತಿಳದ್ರಿ."

"ಅರಗು ಯಾರ ಬೇಕಾದವರ..."

"ಆಫೀಸಿನ ಕಪಾಟದಾಗ ಇರತೈತಿ. ಕಪಾಟದ ಕೀಲಿಕೈ ಒಂದ ಐತಿ, ಅದು ನಿಮ್ಮ ಹತ್ರ. ಸೀಲ್ ಹಾಕಿ ಬಾಗಲಕ್ಕ ಬೀಗ ಬಿತ್ತು. ಒಂದು ಕೈ ಸರ್ ಜೇಬಿನ್ಯಾಗ, ಇನ್ನೊಂದು ನಿಮ್ಮ ಜೇಬಿನ್ಯಾಗ. ನಾಕೂಕಾಲಿಗೆ ಹೊಂಟವ್ರು ಅಥಣಿ ಮುಟ್ಟಿದ್ದು ಆರೂ ನಲವತ್ತಕ್ಕ. ನಿಮ್ಮ ಷಡ್ಡಕನ್ನ ಕೇಳೇವಿ. ಗಾಡಿ ಕಬ್ಬಿನ ಹಿಂದ ನಿಲ್ಲಿಸಿ ಹಿಂದಿನ ಜಗಲಿಯಿಂದ ಹೊಳ್ಳಿ ಒಳಗ ಬಂದ್ರಿ. ಮುಂಬಾಗಲದಾಗ ಮಾಳಸಿದ್ದ ಜಗಳಾ ತಗದಿದ್ದ. ಸರ್ ಅಲ್ಲಿದ್ರು. ಪೇಪರ್ ಮೇಜಿನ ಮ್ಯಾಲ ಬಿಚ್ಚಿ ಬಿದ್ದಿದ್ದು."

ಬಸವಂತ ಮುಖದ ಬೆವರು ಒರೆಸಿಕೊಳ್ಳಲಿಲ್ಲ.

"ನಿನ್ನೆ ನಿಪ್ಪಾಣಿಗೆ ಹೋಗಿದ್ದೆ," ಎಂದಳು ಲಕ್ಷ್ಮಿಬಾಯಿ ಮೆಲ್ಲಗೆ. "ನಿಮ್ಮ ಮಗಳು ತಾನ ಹೇಳಿದಳು. 'ಕಡೀ ಒಂಬತ್ತು ವಾಕ್ಯ ಮಾಡಾಕ ಆಗಲಿಲ್ಲ ಮೇಡಂ, ಐವತ್ತಕ್ಕ ಐವತ್ತು ಹೆಂಗ ಬಂತು ತಿಳೀವಲ್ದು. ಪಪ್ಪಾ ಯಾರ ಮುಂದೂ ಮಾತಾಡಬ್ಯಾಡ ಅಂದಾರ' ಅಂದ್ಲು. ರಾಜೇಶ್ವರಿ ಹೆಸರಿನ ಪೇಪರಿನಾಗ ಕಡೀ ಒಂಬತ್ತು ವಾಕ್ಯ ಖಾಲಿ ಅದಾವ. ಅಕಿ ಸುಳ್ಳ ಹೇಳಲಿಲ್ಲ ಸರ್. ಒಳ್ಳೆ ಹುಡುಗಿ."

ಅಷ್ಟಕ್ಕೆ ಬಸವಂತ ಕುಸಿದು ಕುಳಿತರು. ಕುರಿಗಳು ಬೆದರಿ ಅತ್ತ ಸರಿದವು.

"ಎಲ್ಲಾರ ಮುಂದ ಹೇಳಿದ್ದೆ, ನನ್ನ ಮಗಳ ಫಸ್ಟ್ ಅಂತ," ಎಂದರು. "ಒಂದನೇತ್ತೆಯಿಂದ ಇಂಗ್ಲಿಷ್ ಮೀಡಿಯಂ. ನನ್ನ ಶಾಳ್ಯಾಗ ಕಲಿಯೂ ಕುರಿ ಕಾಯೂ ಹುಡುಗಿ ಅಕಿನ್ನ ದಾಟಿ ಹೋಗ್ತಾಳಂದ್ರ ನಂಗ ಸಹನಾ ಆಗಲಿಲ್ಲ. ಹಾಳಿ ಬದಲಿ ಮಾಡಿ ಪಿನ್ ಹೊಡ್ಯಾಕತ್ತಿದ್ದೆ. ಸರ್ ಒಳಗ ಬಂದ್ರು. ನನ್ನ ಕೈ ಹಿಡದ್ರು. ಒದರಲಿಲ್ಲ. 'ನೀನೂ ಮಾಸ್ತರ ಅದೀಯಲ್ಲೋ' ಅಂದ್ರು. ಹಿಂದಿನ ಜಗಲೀಗಿ ಓಡಿದೆ, ಬೆನ್ನಹತ್ತಿ ಬಂದ್ರು. ಕೈ ಝಾಡಿಸಿದೆ. ಅಷ್ಟ. ಕೊಲ್ಲಬೇಕಂತ ಮಾಡಲಿಲ್ರಿ."

"ಅದನ್ನ ನಂಬತೇನಿ. ಮುಂದಿಂದು ಹೇಳ್ರಿ."

ಬಸವಂತ ಮುಖ ತಿರುಗಿಸಿದರು.

"ನಾ ಹೇಳತೇನಿ. ಬಿದ್ದ ಮ್ಯಾಲ ಅರ್ಧಾ ತಾಸು ಅವರ ಉಸಿರಿತ್ತಂತ ಡಾಕ್ಟರ್ ಬರದಾರ. ನೀವು ಒಳಗ ಹೋಗಿ ಗಂಟು ಕಟ್ಟಿದ್ರಿ, ಅರಗು ಕರಗಿಸಿದ್ರಿ, ನಾಕು ಸೀಲ್ ಹಾಕಿದ್ರಿ, ಬೀಗಾ ಹಾಕಿದ್ರಿ. ಅಷ್ಟೂ ಹೊತ್ತು ಅವ್ರು ಬದುಕಿದ್ರು. ನಿಮ್ಮ ಜೇಬಿನ್ಯಾಗ ಫೋನ್ ಇತ್ತು."

ರಾಜೇಶ್ವರಿ ಅಜ್ಜಿಯ ಕಂಬಳಿಯಲ್ಲಿ ಮುಖ ಮುಚ್ಚಿಕೊಂಡಳು. ನಾಮದೇವ ಬಸವಂತ ಅವರ ತೋಳು ಹಿಡಿದು ಎಬ್ಬಿಸಿದ. ಎಂದೂ ಬಾಯಿ ಮುಚ್ಚದ ನಾಮದೇವ ಅಂದು ಠಾಣೆ ಮುಟ್ಟುವವರೆಗೆ ಒಂದು ಮಾತೂ ಆಡಲಿಲ್ಲ.

* * *

ಶನಿವಾರ ಮಾಳಸಿದ್ದ ಬಿಡುಗಡೆಯಾದ. ಟ್ರಸ್ಟಿನ ಜೀಪು ಅದೇ ದಿನ ಹಟ್ಟಿಗೆ ಬಂದು ಸೀಟಿನ ಪತ್ರ ಕೊಟ್ಟು ಹೋಯಿತು. ಪಾಲಕರ ಒಪ್ಪಿಗೆಯ ಜಾಗ ಖಾಲಿ ಇತ್ತು. ಮಾಳಸಿದ್ದ ಅದನ್ನು ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡ. ಏನು ಮಾಡುತ್ತಾನೆಂದು ರಾಜೇಶ್ವರಿಗೆ ಕೇಳುವ ಧೈರ್ಯವಾಗಲಿಲ್ಲ.

ಭಾನುವಾರ ಬೆಳಿಗ್ಗೆ ಅವನು ಮಗಳನ್ನು ಕರೆದುಕೊಂಡು ಸೋನಾಬಾಯಿಯವರ ಮನೆಗೆ ಬಂದ. ಮಗಳ ಹೆಗಲಿನಲ್ಲಿ ಬಟ್ಟೆಯ ಚೀಲವಿತ್ತು. ಮಾಳಸಿದ್ದ ಒಳಗೆ ಬರಲಿಲ್ಲ. ಅಂಗಳದಲ್ಲೇ ನಿಂತ.

"ಅವ್ವಾರ, ಅವತ್ತ ಸರ್ ನಕ್ಕೋತ ಆಫೀಸಿನಿಂದ ಹೊರಗ ಬಂದ್ರು. 'ಮಾಳಸಿದ್ದಾ, ಒಂದು ಮಾತು ಕೇಳು' ಅಂದ್ರು. ಮೂರ ಸಲ ಅಂದ್ರು. ನಾ ಕೇಳಲಿಲ್ಲ. ಬಾಯಿಗಿ ಬಂದಂಗ ಒದರಿ ಹ್ವಾದೆ. ಏನ ಹೇಳಾಕ ಬಂದಿದ್ರಂತ ಈಗ ತಿಳೀತು." ಅವನು ಕೈಮುಗಿದ. "ಸಿಟ್ಟ ಮಾಡಕೊಂಡ ಹ್ವಾದ್ರೇನ್ರಿ ನನ್ನ ಮ್ಯಾಲ?"

ಸೋನಾಬಾಯಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು.

"ಅವರಿಗೆ ಸಿಟ್ಟ ಬರ್ತಿರಲಿಲ್ಲ ಮಾಳಸಿದ್ದಾ. ನನಗ ಬರ್ತೈತಿ. ಈಗ ಈ ಹುಡುಗೀನ ಶಾಳಿ ಬಿಡಿಸಿ ಕರಕೊಂಡ ಹ್ವಾದಿ ಅಂದ್ರ, ಜನ್ಮದಾಗ ನಿನ್ನ ಮಾರಿ ನೋಡಾಂಗಿಲ್ಲ."

"ಕರಕೊಂಡ ಹೋಗಾಕ ಬಂದಿಲ್ರಿ. ಬಿಟ್ಟ ಹೋಗಾಕ ಬಂದೇನಿ." ಜೇಬಿನಿಂದ ಪತ್ರ ತೆಗೆದು ಮೆಟ್ಟಿಲ ಮೇಲಿಟ್ಟ. ಒಪ್ಪಿಗೆಯ ಜಾಗದಲ್ಲಿ ಹೆಬ್ಬೆಟ್ಟು ಇತ್ತು. "ನಾಳೆ ಕುರಿ ಹೊಡಕೊಂಡು ಮುಗಳಖೋಡದ ಕಡಿ ಹೊಂಟೇವಿ. ಹತ್ತನೇತ್ತೆ ಪರೀಕ್ಷಾ ಮುಗಿಯೂತನ ನಿಮ್ಮಲ್ಲಿ ಇರ್ಲಿ. ಜೂನದಾಗ ಬರ್ತೇನಿ. ಚಿಕ್ಕೋಡಿಗಿ ನಾನ ಕರಕೊಂಡ ಹೋಗತೇನಿ."

ರಾಜೇಶ್ವರಿ ಅಪ್ಪನ ತೋಳು ಹಿಡಿದಳು. "ಸಂಜೀಕ ಮರಿ ಯಾರ ಕೂಡಸ್ತಾರಪ್ಪಾ?"

"ನಾ ಕೂಡಸ್ತೇನಿ. ನೀ ಓದು."

ತೋಳು ಬಿಡಿಸಿಕೊಂಡು ಅವನು ಗೇಟು ದಾಟಿದ. ಅಳು ಕಾಣಬಾರದೆಂದು ಜೋರಾಗಿ ನಡೆದ. ಅವನು ರಸ್ತೆಯ ತಿರುವಿನಲ್ಲಿ ಮರೆಯಾಗುವವರೆಗೆ ರಾಜೇಶ್ವರಿ ಅಂಗಳದಲ್ಲಿ ನಿಂತಿದ್ದಳು. ಸೋನಾಬಾಯಿ ಕೆಳಗಿಳಿದು ಬಂದು ಹುಡುಗಿಯ ಹೆಗಲಿನಿಂದ ಚೀಲ ತೆಗೆದುಕೊಂಡರು.